ಹೊಂಡದ ಸುತ್ತ ಒಂದು ಸಂಕ್ರಾಂತಿ

ಸಂಕ್ರಾಂತಿಯ ಹಿಂದಿನ ರಾತ್ರಿ ತ್ಯಾವಣಿಗೆಯ ಯಾವ ಓಣಿಯಲ್ಲಿ ಹಾದರೂ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಎಳ್ಳು ಒತ್ತಿದ ಸಜ್ಜೆ ರೊಟ್ಟಿ ಆವತ್ತೇ ಬಡಿದು, ಒಲೆಯ ಕಾವಿಗೆ ನಿಲ್ಲಿಸಿ ಕಟಕಟ ಅನ್ನುವಂತೆ ಒಣಗಿಸಬೇಕು. ಶೇಂಗಾ ಹೋಳಿಗೆ ಆಗಲೇ ಡಬ್ಬಿ ಸೇರಿರುತ್ತದೆ. ಎಣ್ಣೆಗಾಯಿ, ಕುಂಬಳಕಾಯಿ ಪಲ್ಯ, ಮೊಸರು ಬುತ್ತಿ ಮಾತ್ರ ಬೆಳಗಿನ ಜಾವಕ್ಕೆ. ಅಷ್ಟು ಹೊತ್ತಿಗೆ ಕೇಣಿಯವರು ತೋಟದ ಅಡಕೆ ಇಳಿಸಿಕೊಂಡು ಹೋಗಿ ಆಗಿರುತ್ತದೆ, ಮಳೆಗಾಲದ ಭತ್ತ ಚೀಲ ಸೇರಿರುತ್ತದೆ. ಬೇಸಿಗೆ ಭತ್ತಕ್ಕೆ ಭದ್ರಾ ನಾಲೆಯ ನೀರು ನೋಡಿಕೊಂಡು ಸಸಿಮಡಿ ಮಾಡಬೇಕು. ಈ ಎರಡು ಬೆಳೆಗಳ ನಡುವೆ ರೈತನ ಮನೆಗೆ ಸಿಗುವ ಒಂದು ಬಿಡುವಿನ ದಿನ ಅದು. ಆ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಳೆಯೋ ಕೆರೆಯೋ ಗುಡ್ಡವೋ, ನೀರು ನೆರಳು ಇದ್ದಲ್ಲಿಗೆ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ.

ನಮ್ಮ ಮನೆಯಲ್ಲಿ ಆ ಹಾದಿ ಅವ್ವನ ಕಾಲದಿಂದ ಬದಲಾಗಿಲ್ಲ. ಬೆಳಿಗ್ಗೆ ಸೂಳೆಕೆರೆ, ಮಧ್ಯಾಹ್ನ ಇಳಿದ ಮೇಲೆ ಸಂತೇಬೆನ್ನೂರಿನ ಹೊಂಡ. ಹಿಂದೆ ಕಮಾನುಗಾಡಿಯಲ್ಲಿ ಹೋಗುತ್ತಿದ್ದರು, ನಾವು ಚಿಕ್ಕವರಿದ್ದಾಗ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹುಲ್ಲು ಹಾಸಿಕೊಂಡು ಹೋದೆವು, ಈಗ ಬಾಡಿಗೆ ಕ್ರೂಸರ್. ಈ ಸಲ ಬೆಂಗಳೂರಿನಿಂದ ಅಣ್ಣ ಅತ್ತಿಗೆ ತಮ್ಮ ಮಗನನ್ನು ಕರೆದುಕೊಂಡು ಬಂದಿದ್ದರು, ದಾವಣಗೆರೆಯಿಂದ ತಂಗಿ ಮನೆಯವರು. ಅವ್ವನ ಮೊಣಕಾಲು ಹಿಡಿದಿದೆ, ಈ ಬಾರಿ ನೀನು ಮನೆಯಲ್ಲೇ ಇರು ಎಂದು ಹೇಳಿನೋಡಿದೆವು.

"ಹೊಂಡದ ಮೆಟ್ಲು ಇಳಿಯಾಕೆ ಆಗದಿದ್ರೆ ಮ್ಯಾಲೆ ಕುಂತು ನೋಡ್ತೀನಿ. ಕಣ್ಣಿಗೇನಾಗೈತೆ?" ಎಂದಳು. ಮುಂದಿನ ಸೀಟು ಅವಳಿಗೇ ಆಯಿತು.

ಸೂಳೆಕೆರೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಚನ್ನಗಿರಿ ತಾಲ್ಲೂಕಿನ ಮಕ್ಕಳಿಗೆಲ್ಲ ಅದರ ಕಥೆ ಬಾಯಿಪಾಠ. ಎರಡು ಗುಡ್ಡಗಳ ನಡುವೆ ಹರಿಯುತ್ತಿದ್ದ ಹರಿದ್ರಾ ಹಳ್ಳಕ್ಕೆ ಏರಿ ಕಟ್ಟಿಸಿದವಳು ಶಾಂತವ್ವ ಎಂಬ ಅರಸುಮಗಳು. ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಉಳಿಯಬೇಕು ಎಂದು ಕೇಳಿದರಂತೆ. ಕಾಗದದಲ್ಲಿ ಅದು ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ. ತುಂಬಿದಾಗ ಸುಮಾರು 6,550 ಎಕರೆ ನೀರು ಹರಡಿಕೊಳ್ಳುತ್ತದೆ. ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಇಂದಿಗೂ ಗದ್ದೆ ತೋಟಗಳಿಗೆ ಹರಿಯುತ್ತವೆ, ಚಿತ್ರದುರ್ಗದವರು ಕುಡಿಯುವುದೂ ಇದೇ ನೀರನ್ನು. ಇಷ್ಟು ದೊಡ್ಡ ಕೆರೆಗೆ ಅಷ್ಟು ಗಿಡ್ಡ ಏರಿ ಸಾಕಾಯಿತಲ್ಲ ಎಂಬುದೇ ಅಲ್ಲಿ ನಿಂತವರಿಗೆ ಮೊದಲು ಬರುವ ಬೆರಗು. ನೀರು ಎಲ್ಲಿ ನಿಲ್ಲಬಲ್ಲದು ಎಂದು ಗುಡ್ಡಗಳನ್ನು ನೋಡಿಯೇ ಅಳೆದವರ ಕಣ್ಣು ಎಂಥದ್ದಿರಬೇಕು!

ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಮುಳುಗು ಹಾಕಿದೆವು. ಬುತ್ತಿ ಬಿಚ್ಚಿದೆವು. ಅಡಕೆ ಹಾಳೆಯ ತಟ್ಟೆಯಲ್ಲಿ ರೊಟ್ಟಿ ಮುರಿದು, ಮೇಲೆ ಗುರೆಳ್ಳು ಚಟ್ನಿಪುಡಿ, ಅದರ ಮೇಲೆ ಗಟ್ಟಿ ಮೊಸರು. ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಮನೆಯವರು ನಮ್ಮ ತಟ್ಟೆಗೆ ಮಾದಲಿ ಹಾಕಿದರು, ನಾವು ಅವರಿಗೆ ಶೇಂಗಾ ಹೋಳಿಗೆ ಕೊಟ್ಟೆವು. ಬುತ್ತಿ ಊಟದಲ್ಲಿ ಪರಿಚಯ ಬೇಕಾಗುವುದಿಲ್ಲ.

ನಾನು ಬರೆಯಲು ಕುಳಿತದ್ದು ಆಮೇಲಿನ ಮೂರು ತಾಸಿನ ಬಗ್ಗೆ.

ಸಂತೇಬೆನ್ನೂರಿಗೆ ಬಂದಾಗ ಬಿಸಿಲು ಓರೆಯಾಗುತ್ತಿತ್ತು. ಅಂಗಡಿ ಸಾಲು, ಬಸ್ಸು, ಆಟೋ, ಸೈಕಲ್ ರಿಪೇರಿಯ ಗದ್ದಲದ ನಡುವೆ ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಒಮ್ಮೆಗೇ ನೆಲ ಕೆಳಕ್ಕಿಳಿಯುತ್ತದೆ. ನಾಲ್ಕೂ ಬದಿಗೆ ಕಲ್ಲಿನ ಮೆಟ್ಟಿಲು. ಕೆಳಗೆ ಹಸಿರು ಬಣ್ಣದ ನಿಂತ ನೀರು. ನೀರಿನ ನಟ್ಟನಡುವೆ, ಯಾವ ಕಡೆಯಿಂದಲೂ ಸೇತುವೆ ಇಲ್ಲದೆ, ಒಂದೇ ಒಂದು ಮಂಟಪ. ಅಂತಸ್ತಿನ ಮೇಲೆ ಅಂತಸ್ತು ಕಿರಿದಾಗುತ್ತ ಏರಿ ತುದಿಯಲ್ಲಿ ಗೋಪುರವಾಗುತ್ತದೆ. ಅದು ವಸಂತ ಮಂಟಪ. ಸುತ್ತಲೂ ದಿಕ್ಕು ದಿಕ್ಕಿಗೆ ಅದರ ಮರಿಗಳಂತೆ ಸಣ್ಣ ಮಂಟಪಗಳು.

ಪುರಾತತ್ವ ಇಲಾಖೆಯ ಫಲಕ, ಪ್ರವಾಸದ ಪುಸ್ತಕಗಳು ಇದನ್ನು ಪುಷ್ಕರಣಿ ಎನ್ನುತ್ತವೆ. ನಮಗದು ಹೊಂಡ. ನಾಯಕರ ಸೀಮೆಯಲ್ಲಿ ಮೆಟ್ಟಿಲು ಕಟ್ಟಿದ ಕೊಳಕ್ಕೆ ಅದೇ ಮಾತು, ಚಿತ್ರದುರ್ಗದಲ್ಲಿ ಸಂತೆಹೊಂಡ ಇದ್ದ ಹಾಗೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲೂ ಇದು 'ಮುಸಾಫಿರ್‌ಖಾನಾ ಮತ್ತು ಹೊಂಡ' ಎಂದೇ ಇದೆ. ಊರಿನ ಮಾತು ಅಷ್ಟರ ಮಟ್ಟಿಗೆ ಗೆದ್ದಿದೆ ಎಂಬುದು ನನಗೆ ಖುಷಿಯ ಸಂಗತಿ.

ಅಣ್ಣನ ಮಗ ಒಂದು ಕ್ಷಣ ಸುಮ್ಮನೆ ನಿಂತವನು ಕೇಳಿದ: "ಚಿಕ್ಕಪ್ಪ, ಇದು ಪಾರ್ಕಾ, ದೇವಸ್ಥಾನಾನಾ?"

ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಈ ಹೊಂಡ ಕಟ್ಟಿಸಿದವನು ಹನುಮಪ್ಪ ನಾಯಕ, ಕೆಂಗ ಹನುಮಂತಪ್ಪ ನಾಯಕ ಎಂದೂ ಕರೆಯುತ್ತಾರೆ. ಬಸವಾಪಟ್ಟಣ, ಸಂತೇಬೆನ್ನೂರು, ಆಮೇಲೆ ತರೀಕೆರೆ, ಹೀಗೆ ಊರಿಂದೂರಿಗೆ ರಾಜಧಾನಿ ಬದಲಿಸಿದ ಪಾಳೆಯಗಾರರ ವಂಶದವನು. ಕಾಲ 16ನೇ ಶತಮಾನ. ದಂಡೆಯ ಮೇಲೆ ರಂಗನಾಥನ ಗುಡಿ, ಎದುರಿಗೆ ಹೊಂಡ. ಆದರೆ ಬರೀ ದೇವರ ಮೀಸಲು ನೀರಿಗೆ, ಕೈಕಾಲು ತೊಳೆಯುವ ಕಲ್ಯಾಣಿಗೆ ಇಷ್ಟೊಂದು ಮಂಟಪಗಳು ಬೇಕಿರಲಿಲ್ಲ. ನಡುವಿನ ಮಂಟಪದ ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ವಸಂತೋತ್ಸವ ಎಂದರೆ ಬೇಸಿಗೆಯ ಹಬ್ಬ: ನೀರಾಟ, ಓಕುಳಿ, ದೇವರಿಗೂ ಅರಸುಮನೆಗೂ ಒಂದೇ ಸಂಭ್ರಮ. ಬಿಸಿಲಿನ ನಾಡಿನವರು ತಂಪನ್ನೇ ಕಟ್ಟಡ ಮಾಡಿ ನಿಲ್ಲಿಸಿದ್ದಾರೆ. ಗಿಡ ಮರ ಹೂವುಗಳಿಂದ ತೋಟ ಮಾಡಿದರೆ ಒಂದು ಬರಗಾಲ ಸಾಕು, ಒಣಗುತ್ತದೆ. ನೀರು, ಕಲ್ಲು, ಗಾರೆಗಳಿಂದ ಮಾಡಿದ ತೋಟ ನಾನೂರು ವರ್ಷ ದಾಟಿ ನಿಂತಿದೆ. ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಇದು ನೀರಿನ ತೋಟ ಕಣೋ."

ನಮ್ಮ ನಾಡಿನಲ್ಲಿ ಇಂಥ ತೋಟಗಳ ಒಂದು ಮನೆತನವೇ ಇದೆ, ಆದರೆ ನಾವದನ್ನು ಒಟ್ಟಿಗೆ ನೋಡುವುದಿಲ್ಲ. ವಿಜಯಪುರದ ಹತ್ತಿರ ಕುಮಟಗಿಯಲ್ಲಿ ಆದಿಲ್‌ಶಾಹಿಗಳ ಬೇಸಿಗೆ ಬಿಡಾರವಿದೆ, ಅಲ್ಲೂ ನೀರಿನ ನಡುವೆ ಮಂಟಪ. ಹೊಸನಗರದ ಕಡೆ, ಬಿದನೂರು ನಗರದ ಬಳಿ, ಕೆಳದಿ ನಾಯಕರ ದೇವಗಂಗೆಯಿದೆ, ಬೇರೆ ಬೇರೆ ಆಕಾರದ ಏಳು ಕೊಳಗಳು. ಸಿರಾದಲ್ಲಿ ಮೊಗಲರ ಸುಬೇದಾರರು ಮಾಡಿದ್ದ ತೋಟವನ್ನು ನೋಡಿಯೇ ಹೈದರಾಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಕೈಹಾಕಿದ್ದು. ಲಾಲ್‌ಬಾಗ್ ಇವತ್ತು 240 ಎಕರೆ, ದೇಶಕ್ಕೆಲ್ಲ ಗೊತ್ತು. ಆ ಸಾಲಿನಲ್ಲಿ ಅದಕ್ಕಿಂತ ಹಳೆಯದಾದ ನಮ್ಮ ಹೊಂಡದ ಹೆಸರು ಯಾರೂ ಹೇಳುವುದಿಲ್ಲ. 1997ರ ಆಗಸ್ಟ್ 15ರ ತನಕ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಶಿವಮೊಗ್ಗ ಎಂದರೆ ಜೋಗ, ಕೊಡಚಾದ್ರಿ, ಅಲ್ಲಿಗೇ ಮಾತು ಮುಗಿಯುತ್ತಿತ್ತು. ಇದೇ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. ದಾವಣಗೆರೆ ಎಂದರೆ ಬೆಣ್ಣೆದೋಸೆ, ಮಂಡಕ್ಕಿ ಮೆಣಸಿನಕಾಯಿ. ಹೊಂಡ ಎರಡೂ ಕಡೆ ನೆನಪಿನ ಅಂಚಿನಲ್ಲೇ ಉಳಿಯಿತು.

ಅವ್ವನನ್ನು ಮೇಲಿನ ಕಟ್ಟೆಯ ಮೇಲೆ ಕೂರಿಸಿ, ನಾವು ಮೆಟ್ಟಿಲಿಳಿದೆವು. ಏಳು ವರ್ಷದ ನನ್ನ ಮಗಳು ಮಂಟಪಗಳನ್ನು ಎಣಿಸತೊಡಗಿದಳು. ಫಲಕದಲ್ಲಿ ಓದಿದ್ದನ್ನೂ ಊರವರಿಂದ ಕೇಳಿದ್ದನ್ನೂ ಸೇರಿಸಿ ಅವಳಿಗೆ ಮೊದಲೇ ಹೇಳಿದ್ದೆ, ಎಂಟು ದಿಕ್ಕಿಗೆ ಎಂಟು ಮಂಟಪ ಕಟ್ಟಿದ್ದರು ಎಂದು.

"ಆರೇ ಐತಲ್ಲಪ್ಪಾಜಿ."

"ಆರೇ ಉಳಿದಿರೋದು."

"ಉಳಿದೆರಡು ಎಲ್ಲಿ ಹೋದ್ವು?"

ಬಿದ್ದು ಹೋದವು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಬಿದ್ದ ಕಲ್ಲು ಎಲ್ಲಾದರೂ ಇರಬೇಕಲ್ಲ ಎಂದು ನೀರಿನೊಳಗೆ ಇಣುಕಿದಳು. ಆಗ ಗಾಳಿ ನಿಂತಿತ್ತು. ನೀರಿನಲ್ಲಿ ನಡುವಿನ ಮಂಟಪ ತಲೆಕೆಳಗಾಗಿ ನಿಂತಿತ್ತು, ಅದರ ಆಚೀಚೆ ದಡದ ಮಂಟಪಗಳೂ ತಲೆಕೆಳಗಾಗಿ ನಿಂತಿದ್ದವು. ಅವಳು ಮತ್ತೆ ಎಣಿಸಿದಳು. ಮೇಲಿನವು ಕೆಳಗಿನವು ಸೇರಿ ಹನ್ನೆರಡು ಆದವು. "ಎಂಟಕ್ಕಿಂತ ಜಾಸ್ತಿನೇ ಅದಾವೆ" ಎಂದು ಓಡಿಹೋಗಿ ಅಜ್ಜಿಗೆ ಹೇಳಿ ಬಂದಳು.

ಕಟ್ಟಿದವನ ಲೆಕ್ಕದಲ್ಲೂ ಆ ಪ್ರತಿಬಿಂಬ ಇದ್ದಿರಲೇಬೇಕು ಎಂದು ನನಗನಿಸುತ್ತದೆ. ಇಲ್ಲವಾದರೆ ನೀರನ್ನು ಇಷ್ಟು ಕೆಳಗಿಳಿಸಿ, ಸುತ್ತಲೂ ಮೆಟ್ಟಿಲೇರಿಸಿ ಗಾಳಿಗೆ ಮರೆ ಮಾಡುತ್ತಿರಲಿಲ್ಲ. ಕೆರೆಯ ನೀರು ಸದಾ ಅಲೆಯುತ್ತದೆ. ಬೆಳಿಗ್ಗೆ ಸೂಳೆಕೆರೆಯಲ್ಲಿ ಗುಡ್ಡದ ನೆರಳು ಒಂದು ಕ್ಷಣವೂ ಅಲುಗದೆ ನಿಂತಿರಲಿಲ್ಲ. ಇಲ್ಲಿ ಹತ್ತು ನಿಮಿಷ ಕಾದರೆ ಕನ್ನಡಿ ಸಿಗುತ್ತದೆ.

ಇನ್ನೊಂದು ಗುಟ್ಟು ನಡೆದಾಗ ಮಾತ್ರ ತಿಳಿಯುತ್ತದೆ. ಗೇಟಿನ ಬಳಿ ನಿಂತು ಫೋಟೊ ಹೊಡೆದುಕೊಂಡು ಹಿಂದಿರುಗುವವರೇ ಹೆಚ್ಚು. ಅಲ್ಲಿಂದ ಕಾಣುವುದು ಒಂದೇ ನೋಟ. ಅಂಚಿನಲ್ಲೇ ನಡೆಯುತ್ತ ಹೊರಟರೆ ನಡುವಿನ ಮಂಟಪ ನಿಮ್ಮೊಂದಿಗೆ ತಿರುಗಿದಂತೆ ಕಾಣುತ್ತದೆ. ದಡದ ಒಂದು ಸಣ್ಣ ಮಂಟಪ ಅದನ್ನು ಮರೆ ಮಾಡುತ್ತದೆ, ಎರಡು ಹೆಜ್ಜೆಗೆ ಬಿಟ್ಟುಕೊಡುತ್ತದೆ. ಮೂಲೆಯಲ್ಲಿ ನಿಂತರೆ ಸಣ್ಣ ಮಂಟಪದ ಕಮಾನಿನೊಳಗೆ ದೊಡ್ಡ ಮಂಟಪ ಚೌಕಟ್ಟು ಹಾಕಿದಂತೆ ಕೂರುತ್ತದೆ. ಎದುರು ದಡಕ್ಕೆ ಹೋಗಿ ತಿರುಗಿ ನೋಡಿದರೆ ನೀವು ಬಂದ ಬದಿಯೇ ಹೊಸದಾಗಿರುತ್ತದೆ. ಇಂಗ್ಲೆಂಡಿನಲ್ಲಿ ಸ್ಟೌರ್‌ಹೆಡ್ ಎಂಬ ಪ್ರಸಿದ್ಧ ತೋಟವಿದೆ. ಹೆನ್ರಿ ಹೋರ್ ಎಂಬ ಬ್ಯಾಂಕ್ ಮನೆತನದವನು 1740ರ ದಶಕದಲ್ಲಿ ಶುರು ಮಾಡಿಸಿದ್ದು. ಕೃತಕ ಕೆರೆ, ಅದರ ಸುತ್ತ ಸಣ್ಣ ಸಣ್ಣ ಗುಡಿಗಳು, ಕೆರೆ ಸುತ್ತುತ್ತ ಹೋದಂತೆ ಒಂದೊಂದು ತಿರುವಿಗೆ ಒಂದೊಂದು ನೋಟ. ತೋಟಗಾರಿಕೆಯ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಸ್ಥಾನ. ಅದಕ್ಕಿಂತ ಮೊದಲೇ ಸಂತೇಬೆನ್ನೂರಿನಲ್ಲಿ ಒಬ್ಬ ಪಾಳೆಯಗಾರ ಚಿಕ್ಕ ಅಳತೆಯಲ್ಲಿ ಇದನ್ನು ಸಾಧಿಸಿದ್ದ. ಸುತ್ತುವುದಕ್ಕೆಂದೇ, ಸುತ್ತುತ್ತ ನೋಡುವುದಕ್ಕೆಂದೇ ಕಟ್ಟಿದ ಜಾಗ ಇದು. ನಿಂತಲ್ಲೇ ನೋಡಿ ಹೋದವರು ಇದನ್ನು ನೋಡಿಲ್ಲ ಎಂದೇ ನಾನು ಹೇಳುತ್ತೇನೆ.

ದಡದ ಒಂದು ಮಂಟಪದ ಕಂಬಕ್ಕೆ ಒರಗಿ ಕುಳಿತು ಗಾರೆಯನ್ನು ಹತ್ತಿರದಿಂದ ನೋಡಿದೆ. ಹೆಬ್ಬೆರಳಿನಷ್ಟು ಅಗಲಕ್ಕೆ ಒಂದು ಕಡೆ ಚಕ್ಕೆ ಎದ್ದಿತ್ತು. ಒಳಗೆ ಒರಟು ಪದರ, ಅದರ ಮೇಲೆ ನಯ ಪದರ, ಎಲ್ಲಕ್ಕೂ ಮೇಲೆ ಮೊಟ್ಟೆಯ ಚಿಪ್ಪಿನಷ್ಟು ತೆಳುವಾದ ಹೊಳಪು. ಹೊಳಪಿದ್ದಲ್ಲಿ ಅಂಗೈ ಇಟ್ಟರೆ ಈಗಲೂ ತಣ್ಣಗಿದೆ. ಪಕ್ಕದಲ್ಲೇ ಇಬ್ಬರ ಹೆಸರು, ನಡುವೆ ಬಾಣ ಚುಚ್ಚಿದ ಹೃದಯ, ಮೊಳೆಯಿಂದ ಕೆತ್ತಿದ್ದು. ಅವರು ಯಾರೋ, ಎಲ್ಲಿದ್ದಾರೋ. ಗಾರೆಯಂತೂ ಮತ್ತೆ ಕೂಡಿಕೊಳ್ಳುವುದಿಲ್ಲ. ಅಣ್ಣನ ಮಗನನ್ನು ಕರೆದು ತೋರಿಸಿದೆ. ಅವನು ಬೆರಳಿನಿಂದ ಆ ಗೀರುಗಳನ್ನು ಸವರಿ, ಏನೂ ಮಾತಾಡದೆ ಎದ್ದು ಹೋದ.

ಮಂಟಪಗಳ ಕಮಾನು, ಮೇಲಿನ ಗೋಪುರದ ಸೊಬಗು ನೋಡಿದರೆ ವಿಜಯನಗರದ ಕೈಯೂ ಬಿಜಾಪುರದ ಕೈಯೂ ಒಟ್ಟಿಗೆ ಕಾಣುತ್ತವೆ. ಹಂಪಿಯ ಕಮಲ ಮಹಲ್ ನೋಡಿದವರಿಗೆ ಈ ಬೆರಕೆ ಗುರುತು ಸಿಗುತ್ತದೆ. ಶಿಲ್ಪಿಗಳ ನಡುವೆ ಗಡಿ ಇರಲಿಲ್ಲ, ಅರಸರ ನಡುವೆ ಇತ್ತು. 17ನೇ ಶತಮಾನದಲ್ಲಿ ಬಿಜಾಪುರದ ಸರದಾರ ರಣದುಲ್ಲಾಖಾನನ ದಂಡು ಈ ಸೀಮೆಗೆ ಬಂತು. ರಂಗನಾಥನ ಗುಡಿ ಉಳಿಯಲಿಲ್ಲ, ಆ ಜಾಗದಲ್ಲಿ ಈಗ ಕಾಣುವ ದೊಡ್ಡ ಕಮಾನುಗಳ ಹಜಾರ ಎದ್ದಿತು. ನಾಯಕ ಸೇಡು ತೀರಿಸಿಕೊಂಡನೆಂದೂ ಅಂದಿನಿಂದ ಆ ಹಜಾರದಲ್ಲಿ ಯಾರ ಪ್ರಾರ್ಥನೆಯೂ ನಡೆಯಲಿಲ್ಲವೆಂದೂ ಊರಿನ ಕಥೆ ಹೇಳುತ್ತದೆ. ಉಳಿದುಕೊಂಡ ಹೆಸರು ಮುಸಾಫಿರ್‌ಖಾನಾ, ದಾರಿಹೋಕರ ತಂಗುದಾಣ. ನೋವಿನ ಚರಿತ್ರೆ ಅದು, ಮುಚ್ಚಿಡಬೇಕಾಗಿಲ್ಲ. ಸಂಕ್ರಾಂತಿಯ ಆ ಮಧ್ಯಾಹ್ನ ಅಲ್ಲಿನ ನೆರಳಿನಲ್ಲಿ ಹಣೆಗೆ ವಿಭೂತಿ ಹಚ್ಚಿದ ಅಜ್ಜ, ಬುರ್ಖಾ ತೊಟ್ಟ ತಾಯಿ, ಅವಳ ಸೆರಗು ಹಿಡಿದ ಎರಡು ಮಕ್ಕಳು, ಕಾಲೇಜು ಹುಡುಗಿಯರ ಒಂದು ಗುಂಪು, ಎಲ್ಲರೂ ಕುಳಿತಿದ್ದರು. ಹಜಾರ ತನ್ನ ಹೆಸರಿನ ಕೆಲಸವನ್ನು ಮಾಡುತ್ತಿತ್ತು.

ಮೇಲೆ ಬಂದಾಗ ಅವ್ವನ ಸುತ್ತ ನಾಲ್ಕಾರು ಹೆಂಗಸರು ಸೇರಿಬಿಟ್ಟಿದ್ದರು. ಊರು ಯಾವುದು, ಮನೆತನ ಯಾವುದು, ತಾಯಿ ಮನೆ ಎಲ್ಲಿ ಎಂದು ವಿಚಾರಣೆ ಮುಗಿದು, ಒಬ್ಬಾಕೆ ದೂರದ ಬೀಗರ ಕಡೆಯವಳು ಎಂದು ಗೊತ್ತಾಗಿತ್ತು. ಅವ್ವ ತನ್ನ ಮೊದಲ ಸಂಕ್ರಾಂತಿ ಹೇಳುತ್ತಿದ್ದಳು. ಮದುವೆಯಾಗಿ ಬಂದ ವರ್ಷ, ಗಾಡಿಯಲ್ಲಿ ಅತ್ತೆ, ಇಬ್ಬರು ನೆಗೆಣ್ಣಿಯರ ಜೊತೆ ಬಂದದ್ದು.

"ನಮ್ಮತ್ತಿ ಭಾಳ ಗಟ್ಟಿ ಹೆಂಗಸು. ವರ್ಷೊಪ್ಪತ್ತು ಒಂದು ನಗು ನೋಡಿದ್ದಿಲ್ಲ ನಾನು. ಇಲ್ಲಿ ಬಂದು ಮೆಟ್ಲ ಮ್ಯಾಲೆ ಕುಂತು ಕಾಲು ನೀರಾಗೆ ಬಿಟ್ಟುಕೊಂಡ್ರು ನೋಡವ್ವ, 'ಬಾರೇ ನೀನೂ ಕುಂದ್ರು' ಅಂದ್ರು. ಅವತ್ತು ಹೊತ್ತು ಮುಳುಗೋ ತನಕ ಯಾರೂ ಕೆಲಸದ ಮಾತು ಆಡ್ಲಿಲ್ಲ."

ಇದನ್ನು ಅವ್ವ ನಮಗೆ ಯಾವತ್ತೂ ಹೇಳಿರಲಿಲ್ಲ. ನನಗೆ ಗೊತ್ತಿದ್ದ ಅಜ್ಜಿ ಬೆಳಗಾಗುವ ಮುಂಚೆ ಎದ್ದು, ಎಲ್ಲರೂ ಮಲಗಿದ ಮೇಲೆ ಮಲಗುತ್ತಿದ್ದವಳು. ಅವಳು ಕಾಲು ಇಳಿಬಿಟ್ಟು ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ತಂಗಿ ನನ್ನ ಮುಖ ನೋಡಿದಳು. ನಂತರ ನಾವಿಬ್ಬರೂ ಆಚೀಚೆ ಹಿಡಿದುಕೊಂಡು ಅವ್ವನನ್ನು ಒಂದೊಂದೇ ಮೆಟ್ಟಿಲು ಇಳಿಸಿದೆವು. ನೀರಿನ ತನಕ ಆಗಲಿಲ್ಲ, ನೀರಿಗಿಂತ ಎಷ್ಟೋ ಮೇಲೆಯೇ "ಸಾಕು, ಇಲ್ಲೇ ಕುಂದ್ರಸ್ರಿ" ಎಂದಳು. ಅಲ್ಲಿಂದ ಮೀನು ಕಾಣುತ್ತಿದ್ದವು. ಮಗಳು ಹಿಡಿ ಮಂಡಕ್ಕಿ ಎರಚಿದಾಗ ನೀರು ಕುದಿದಂತಾಯಿತು.

ಸ್ವಲ್ಪ ಆಚೆ ಒಂದು ತಿಂಡಿ ಪೊಟ್ಟಣ, ಎರಡು ನೀರಿನ ಬಾಟಲಿ ತೇಲುತ್ತಿದ್ದವು. ಬಾಟಲಿ ಹತ್ತಿರ ಬಂದಾಗ ಅಣ್ಣನ ಮಗ ಮೆಟ್ಟಿಲ ಮೇಲೆ ಬಗ್ಗಿ ಒಂದನ್ನು ಎಳೆದುಕೊಂಡ. ಇನ್ನೊಂದು ಕೈಗೆ ಸಿಗಲಿಲ್ಲ. ಕಾವಲಿನವರು ದೂರದಿಂದಲೇ ಕೂಗಿದರು, "ತಮ್ಮಾ, ಬಗ್ಗಬ್ಯಾಡ, ಆಳ ಐತೆ." ಆಮೇಲೆ ಹತ್ತಿರ ಬಂದು ತಾವೇ ಉದ್ದನೆಯ ಕೋಲಿನಿಂದ ಉಳಿದದ್ದನ್ನು ಎಳೆದು ತೆಗೆದರು. ಆ ಮನುಷ್ಯ ದಿನಕ್ಕೆ ಎಷ್ಟು ಸಲ ಹೀಗೆ ಕೋಲು ಹಿಡಿದು ಮೆಟ್ಟಿಲು ಇಳಿಯಬೇಕೋ. ತಿಂದ ಪೊಟ್ಟಣವನ್ನು ಕಿಸೆಗೆ ಹಾಕಿಕೊಳ್ಳುವುದು ಒಂದು ಕ್ಷಣದ ಕೆಲಸ. ನಾಲ್ಕೂ ಕಡೆ ಕಲ್ಲು ಕಟ್ಟಿದ ಹೊಂಡದಲ್ಲಿ ನೀರು ಹೊಳೆಯಂತೆ ಹರಿದು ಹೋಗುವುದಿಲ್ಲ. ಎಸೆದದ್ದು ಯಾರಾದರೂ ತೆಗೆಯುವ ತನಕ ಅಲ್ಲೇ ಸುತ್ತುತ್ತಿರುತ್ತದೆ.

ಹೊತ್ತು ಇಳಿಯುವ ಅರ್ಧ ತಾಸಿಗೆ ಮುಂಚೆ ಹೊಂಡದ ಬಣ್ಣ ಬದಲಾಯಿತು. ಮೊದಲು ಮೆಟ್ಟಿಲಿನ ಒಂದು ಬದಿ ಕಪ್ಪಾಯಿತು, ಆಮೇಲೆ ನೀರು. ನಡುವಿನ ಮಂಟಪದ ಬುಡಕ್ಕೆ ನೆರಳು ಮುಟ್ಟಿದರೂ ಮೇಲಿನ ಅಂತಸ್ತುಗಳಿಗೆ ಇನ್ನೂ ಬಿಸಿಲಿತ್ತು. ಗಾರೆಯ ಮೈ ಕೆಂಪಾಗಿ, ಬೆಲ್ಲದ ಬಣ್ಣಕ್ಕೆ ತಿರುಗಿತು. ಪಾರಿವಾಳಗಳು ಒಂದು ಸುತ್ತು ಹಾರಿ ಬಂದು ಅದೇ ಅಂತಸ್ತುಗಳಲ್ಲಿ ಕುಳಿತವು. ಸುತ್ತಲಿದ್ದ ಜನ ತಾವಾಗಿಯೇ ಮಾತು ತಗ್ಗಿಸಿದ್ದರು. ಯಾರೂ ಹೇಳಿರಲಿಲ್ಲ. ಬಿಸಿಲು ಮೇಲಿನ ಅಂತಸ್ತಿನಿಂದಲೂ ಸರಿದು ತುದಿಯಲ್ಲಷ್ಟೇ ಉಳಿದಾಗ ಕಾವಲಿನವರ ಸೀಟಿ ಕೇಳಿಸಿತು.

ಅವ್ವನನ್ನು ಮತ್ತೆ ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಬಂದೆವು. ಕೊನೆಯ ಮೆಟ್ಟಿಲಲ್ಲಿ ನಿಂತು ಹಿಂದಿರುಗಿ ನೋಡಿ, "ಮಳೆ ಚಲೋ ಆಗೈತೆ, ನೀರು ಚೆನ್ನಾಗದೆ" ಎಂದಳು. ಗಾಡಿಯಲ್ಲಿ ಮಕ್ಕಳು ಮಲಗಿಬಿಟ್ಟರು. ತ್ಯಾವಣಿಗೆ ಹತ್ತಿರವಾದಂತೆ ನಾಲೆಯ ಬದಿಯ ಗದ್ದೆಗಳಿಂದ ಕಪ್ಪೆಗಳ ಸದ್ದು ಕೇಳಿಸಿತು. ಯಾರೋ ಆಗಲೇ ಸಸಿಮಡಿಗೆ ನೀರು ಬಿಟ್ಟುಕೊಂಡಿದ್ದರು.

ಮುಂದಿನ ಸಂಕ್ರಾಂತಿಗೆ ನೀವೂ ಬನ್ನಿ. ಸಂಕ್ರಾಂತಿಗೇ ಆಗಬೇಕೆಂದಿಲ್ಲ, ಮಳೆಗಾಲ ಮುಗಿದು ಹೊಂಡ ತುಂಬಿರುವ ಯಾವ ದಿನವಾದರೂ ಸರಿ. ಬುತ್ತಿಯನ್ನು ಸೂಳೆಕೆರೆಯ ಬಳಿ ಉಂಡು ಮುಗಿಸಿ, ಬಿಸಿಲು ಓರೆಯಾದ ಮೇಲೆ ಸಂತೇಬೆನ್ನೂರಿಗೆ ಬನ್ನಿ. ಮನೆಯ ಹಿರಿಯರನ್ನು ಬಿಟ್ಟು ಬರಬೇಡಿ. ಪ್ಲಾಸ್ಟಿಕ್ಕನ್ನು ಗಾಡಿಯಲ್ಲೇ ಬಿಡಿ. ಗೇಟಿನ ಬಳಿ ಫೋಟೊ ತೆಗೆದು ಹಿಂದಿರುಗದೆ, ಹೊಂಡವನ್ನು ಒಂದು ಪೂರ್ತಿ ಸುತ್ತು ಸುತ್ತಿ, ಮಕ್ಕಳಿಂದ ಮಂಟಪಗಳನ್ನು ಎಣಿಸಿ. ಸೀಟಿ ಊದುವ ತನಕ ಕುಳಿತಿರಿ.